ಮಂದ್ರಕ್ಕೊಂದು ಜಾಗ

ಮಂದ್ರ, ಮಧ್ಯ, ತಾರವೆಂಬ ಮೂರು ಸ್ಥಾಯಿಗಳಲ್ಲಿ ಮಧ್ಯ ಮತ್ತು ತಾರಗಳು ಮನೆಗೆ ಬಂದ ಸಭ್ಯ ಅತಿಥಿಗಳಂತೆ. ಕೂಡಿಸಿದಲ್ಲಿ ಕೂಡುತ್ತವೆ, ಯಾವ ದಿಕ್ಕಿನಿಂದ ಬಂದೆವೆಂಬುದನ್ನೂ ತಿಳಿಸುತ್ತವೆ. ಮಂದ್ರದ ನಡತೆಯೇ ಬೇರೆ. ಅದು ಹೊಕ್ಕ ಮನೆಯ ಉದ್ದಗಲಗಳನ್ನು ಅಳೆಯುತ್ತದೆ. ಎದುರುಬದುರು ಗೋಡೆಗಳೊಡನೆ ಒಳಸಂಬಂಧ ಬೆಳೆಸುತ್ತದೆ. ಒಂದು ಮೂಲೆಯಲ್ಲಿ ಉಬ್ಬಿ ಗುಡುಗಿ, ಅಲ್ಲಿಂದ ನಾಲ್ಕು ಹೆಜ್ಜೆಯಾಚೆ ತಾನು ಇಲ್ಲವೇ ಇಲ್ಲವೆಂಬಂತೆ ಅಡಗುತ್ತದೆ. ಕೊಠಡಿಯಲ್ಲಿ ಕುಳಿತು ಸಂಗೀತ ಕೇಳುವವನು ತಾನು ವಾದ್ಯವನ್ನಷ್ಟೇ ಕೇಳುತ್ತಿದ್ದೇನೆಂದು ಭಾವಿಸುತ್ತಾನೆ. ಸುಮಾರು 200 ಹರ್ಟ್ಜ್‌ಗಿಂತ ಕೆಳಗೆ ಅವನು ಕೇಳುವುದು ವಾದ್ಯಕ್ಕಿಂತ ಹೆಚ್ಚಾಗಿ ಕೊಠಡಿಯನ್ನೇ.

13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಶಬ್ದವನ್ನು ದ್ರವ್ಯವೆಂದು ಕರೆದ. ಅದಕ್ಕೆ ಬಿಳಿಯ ಬಣ್ಣವನ್ನೂ ಹೇಳಿದ. ಬಣ್ಣದ ಮಾತನ್ನು ತರಗತಿಯಲ್ಲಿ ವಿದ್ಯಾರ್ಥಿಗಳು ನಗುತ್ತ ಕೇಳುತ್ತಾರೆ. ದ್ರವ್ಯದ ಮಾತಿಗೆ ನಗುವವರು ಒಮ್ಮೆ ಡೊಳ್ಳಿನ ಮೇಳದ ಮುಂದೆ ನಿಂತು ಬರಬೇಕು. ಎದೆಗೂಡನ್ನು ಒಳಗಿನಿಂದ ತಟ್ಟುವ ಆ ನಾದವನ್ನು ಗುಣವೆಂದು ಕರೆಯಲು ಯಾರಿಗೂ ಮನಸ್ಸು ಬಾರದು. ಅದು ವಸ್ತುವೇ. ವಸ್ತುವಾದ್ದರಿಂದ ಅದಕ್ಕೆ ಜಾಗ ಬೇಕು, ಜಾಗದ ಜಗಳವೂ ಉಂಟು.

ಸೊಲ್ಲಾಪುರದ ಹಳೆಯ ಪೇಟೆಯ ಒಂದು ಮನೆಯಲ್ಲಿ ಇಂಥ ಜಗಳ ಎರಡು ತಿಂಗಳು ನಡೆಯಿತು. ಮನೆಯ ಹಿರಿಯರು ಬಟ್ಟೆ ಗಿರಣಿಯಲ್ಲಿ ಜಾಬರ್ ಆಗಿದ್ದವರು. ಮೂವತ್ತನಾಲ್ಕು ವರ್ಷ ಮಗ್ಗಗಳ ನಡುವೆ ನಿಂತು ದುಡಿದ ಕಿವಿ ಅವರದು. ಪಕ್ಕದವನ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಮಾತು ಮುಟ್ಟದಂಥ ಗದ್ದಲದಲ್ಲಿ ಬದುಕಿದವರಿಗೆ ಮೊದಲು ಹೋಗುವುದು 4,000 ಹರ್ಟ್ಜ್ ಆಸುಪಾಸಿನ ಕೇಳುವಿಕೆ. ಅಲ್ಲಿಂದ ನಷ್ಟ ಮೇಲಕ್ಕೂ ಕೆಳಕ್ಕೂ ಹಬ್ಬುತ್ತದೆ. ಇದರ ಪರಿಣಾಮವನ್ನು ವ್ಯಾಕರಣ ಬಲ್ಲವರು ಬೇಗ ಅರಿಯಬಲ್ಲರು: ಸ್ವರಗಳು ಉಳಿಯುತ್ತವೆ, ವ್ಯಂಜನಗಳು ಜಾರುತ್ತವೆ. ಸಕಾರ, ಶಕಾರ, ತಕಾರಗಳ ಜೀವವಿರುವುದು ಎತ್ತರದ ಆವೃತ್ತಿಗಳಲ್ಲಿ. ಮಾತು ಕೇಳುತ್ತದೆ, ಆದರೆ ಏನು ಮಾತೆಂಬುದು ತಿಳಿಯುವುದಿಲ್ಲ. ಮನೆಯವರು ಏರುದನಿಯಲ್ಲಿ ಹೇಳಿದರೆ ಸ್ವರಗಳೇ ಇನ್ನಷ್ಟು ದಪ್ಪವಾಗುತ್ತವೆ, ವ್ಯಂಜನಗಳು ಹಿಂದಿರುಗುವುದಿಲ್ಲ. ಮನೆಗಳಲ್ಲಿ ಹಿರಿಯರ ಮೇಲೆ ನಡೆಯುವ ಅರ್ಧದಷ್ಟು ಸಿಡಿಮಿಡಿಗೆ ಈ ಒಂದು ಸಂಗತಿಯೇ ಮೂಲವೆಂದರೆ ತಪ್ಪಾಗಲಾರದು.

ಮಾತು ದೂರವಾದಂತೆ ಹಿರಿಯರು ಒಂದು ಕ್ಯಾಸೆಟ್ಟಿನ ಕಡೆಗೆ ಹೆಚ್ಚು ವಾಲಿದರು. ಮಠವೊಂದರ ಭಜನೆಯ ರಾತ್ರಿ ಯಾರೋ ಟೇಪ್‌ರೆಕಾರ್ಡರ್ ಇಟ್ಟು ಹಿಡಿದ ಧ್ವನಿ ಅದರಲ್ಲಿತ್ತು. ಒಂದು ತತ್ವಪದ, ಒಂದು ಅಭಂಗ, ಮತ್ತೊಂದು ವಚನ, ಮತ್ತೊಂದು ಅಭಂಗ. ಸೊಲ್ಲಾಪುರದ ಭಜನೆಗಳಲ್ಲಿ ಕನ್ನಡ ಮರಾಠಿಗಳು ಹೀಗೆ ಒಂದರ ಹಿಂದೊಂದು ಬರುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಆ ರಾತ್ರಿ ತಬಲಾ ನುಡಿಸಿದವರು ಹಿರಿಯರ ಅಣ್ಣ, ಈಗಿಲ್ಲ. ತಾಳ ಹಿಡಿದು ಪಕ್ಕದಲ್ಲಿ ಕುಳಿತಿದ್ದವರು ಹಿರಿಯರೇ. ಅಣ್ಣನ ಎಡಗೈಯ ಬಗ್ಗೆ ಅವರಿಗೆ ವಿಶೇಷ ಅಭಿಮಾನ. ಅಂಗೈಯ ಬುಡವನ್ನು ಡಗ್ಗಾದ ಮೇಲೆ ಒತ್ತಿ ಸರಿಸುತ್ತ ನಾದವನ್ನು ಕೆಳಗಿನಿಂದ ಮೇಲಕ್ಕೆ ತೂಗಿ ಎತ್ತುವ ಆ ಕೈಚಳಕಕ್ಕಾಗಿ ಆಳಂದ, ಅಕ್ಕಲಕೋಟೆಗಳ ಭಜನೆಗಳಿಗೂ ಅವರನ್ನು ಕರೆಯುತ್ತಿದ್ದರು.

ಎರಡು ವರ್ಷಗಳಿಂದ ಆ ಡಗ್ಗಾ ಕೇಳಿಸುತ್ತಿರಲಿಲ್ಲ. ಟೇಪು ಸವೆಯುತ್ತಿದೆ, ಹಚ್ಚಿದಷ್ಟು ಸಲವೂ ಅಣ್ಣನ ಕೈ ಒಂದಿಷ್ಟು ಅಳಿಸಿಹೋಗುತ್ತಿದೆಯೆಂದು ಹಿರಿಯರು ತೀರ್ಮಾನಿಸಿ ಅದನ್ನು ಹಚ್ಚುವುದನ್ನೇ ಕಡಿಮೆ ಮಾಡಿದರು. ಪುಣೆಯಲ್ಲಿರುವ ಮಗ ಸಣ್ಣ ಸ್ಪೀಕರುಗಳನ್ನು ದೂರಿ ಸಬ್‌ವೂಫರ್ ಕಳಿಸಿದ. ಅವನ ಮಾತಿನಲ್ಲಿ ಅರ್ಧ ಸತ್ಯವಿತ್ತು: ಅಂಗೈಯಗಲದ ಸ್ಪೀಕರು 100 ಹರ್ಟ್ಜ್‌ಗಿಂತ ಕೆಳಗೆ ಹೆಚ್ಚು ಗಾಳಿಯನ್ನು ನೂಕಲಾರದು. ಆ ಕೆಲಸಕ್ಕೆಂದೇ ದೊಡ್ಡ ಕೋನು, ಸ್ವಂತದ ಆಂಪ್ಲಿಫೈಯರ್ ಇರುವ ಬೇರೆ ಪೆಟ್ಟಿಗೆ ಬೇಕು. ಮೊಮ್ಮಗ ಟೇಪಿನ ಧ್ವನಿಯನ್ನು ಮೊಬೈಲಿಗೆ ಇಳಿಸಿಕೊಂಡ. ಪೆಟ್ಟಿಗೆಯನ್ನು ಎಲ್ಲರೂ ಇಡುವಲ್ಲಿಯೇ, ಟಿ.ವಿ.ಯ ಕೆಳಗೆ, ಮುಂದಿನ ಗೋಡೆಯ ನಡುವೆ ಇಟ್ಟರು.

ಕಲಹ ಆರಂಭವಾದದ್ದು ಆಮೇಲೆ. ಹಿರಿಯರು ತಮ್ಮ ಕುರ್ಚಿಯಲ್ಲಿ ಕುಳಿತು “ಡಗ್ಗಾ ಇನ್ನೂ ಸತ್ತs ಐತಿ” ಎಂದು ಗುಂಡಿ ತಿರುಗಿಸುವರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಸೊಸೆ “ಮಾವಾರ, ಸಣ್ಣಗ ಮಾಡ್ರಿ, ಮಾಂಡಣಿಮ್ಯಾಗಿನ ಭಾಂಡೆ ಕುಣ್ಯಾಕ ಹತ್ಯಾವ” ಎನ್ನುವಳು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಒಂದೇ ಕೊಠಡಿ, ಒಂದೇ ಡಗ್ಗಾ. ಅವರ ನಡುವೆ ಇದ್ದದ್ದು ಮೂರೂವರೆ ಅಡಿ. ಆದರೆ ಮನೆಯಲ್ಲಿ ಒಬ್ಬರ ಕಿವಿ ಮಂದವೆಂಬುದು ಎಲ್ಲರಿಗೂ ತಿಳಿದ ಮೇಲೆ ಇನ್ನೊಂದು ವಿವರಣೆಯನ್ನು ಹುಡುಕುವವರು ಯಾರು? ಅಣ್ಣನ ಡಗ್ಗಾವನ್ನೂ ಕಿವಿ ಕಳೆದುಕೊಂಡಿತೆಂದು ಹಿರಿಯರೇ ನಂಬಿಬಿಟ್ಟರು. ಯಾರ ಮೇಲೂ ಕೋಪಗೊಳ್ಳದೆ ಪೆಟ್ಟಿಗೆಯನ್ನು ಮರಳಿ ಕಳಿಸಲು ಹೇಳಿದರು.

ಮೊಮ್ಮಗ ಡಿಪ್ಲೊಮಾ ಓದುವ ಹುಡುಗ. ಅವನು ಇಯರ್‌ಫೋನಿನಲ್ಲಿ ಕೇಳಿದಾಗ ಡಗ್ಗಾ ಮೊಳಗುತ್ತಿತ್ತು. ಹಾಗಾದರೆ ಟೇಪು ಸವೆದಿಲ್ಲ. ಒಂದು ಮಧ್ಯಾಹ್ನ, ಹಿರಿಯರು ಮಲಗಿದ್ದಾಗ, ಅವನು ಅವರ ಕುರ್ಚಿಯಲ್ಲಿ ಕುಳಿತು ಅದೇ ಪದವನ್ನು ಹಚ್ಚಿದ. ಹತ್ತೊಂಬತ್ತು ವರ್ಷದ, ಯಾವ ಮಗ್ಗವನ್ನೂ ಕೇಳದ ಕಿವಿ. ಡಗ್ಗಾ ಇರಲಿಲ್ಲ. ಎದ್ದು ಹಿಂದಿನ ಗೋಡೆಗೆ ಒರಗಿದ, ಇತ್ತು. ಮತ್ತೆ ಕುಳಿತ, ಇಲ್ಲ. ಹಿರಿಯರನ್ನು ಎಬ್ಬಿಸಿ, ಅವರಿಗೆ ತಿಳಿಯುವಂತೆ ಮುಖದೆದುರು ಬಂದು ನಿಧಾನವಾಗಿ ಹೇಳಿದ: “ಮುತ್ಯಾ, ಈ ಕುರ್ಚ್ಯಾಗ ನನಗೂ ಕೇಳಸವಲ್ದು.”

ಆ ಕೊಠಡಿಯ ಲೆಕ್ಕ ಇಷ್ಟು. ಉದ್ದ 14 ಅಡಿ, ಅಗಲ 11, ಎತ್ತರ 10. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುತ್ತದೆ. 40 ಹರ್ಟ್ಜ್‌ನ ಒಂದು ಅಲೆಯ ಉದ್ದ ಸುಮಾರು 28 ಅಡಿ, ಅಂದರೆ ಕೊಠಡಿಯ ಉದ್ದದ ಎರಡು ಪಟ್ಟು. ಹೀಗಿದ್ದಾಗ ಗೋಡೆಗೆ ತಾಗಿ ಹಿಂದಿರುಗಿದ ಅಲೆ ಮುಂದೆ ಬರುವ ಅಲೆಯೊಡನೆ ಹೆಣೆದುಕೊಂಡು ನಿಂತುಬಿಡುತ್ತದೆ. ಭೌತಶಾಸ್ತ್ರದ ಪಠ್ಯಗಳು ಇದನ್ನು ಸ್ಥಾಯೀ ತರಂಗವೆನ್ನುತ್ತವೆ. ಗೋಡೆಗಳ ಬಳಿ ಅದರ ಒತ್ತಡ ಗರಿಷ್ಠ, ನಟ್ಟನಡುವೆ ಶೂನ್ಯ. ಇದರ ಇಮ್ಮಡಿಯಾದ 80 ಹರ್ಟ್ಜ್‌ಗೆ ಗೋಡೆಗಳಲ್ಲೂ ನಡುವೆಯೂ ಏರು. ಎರಡೂ ಗೋಡೆಗಳಿಂದ ಕಾಲುಭಾಗದಲ್ಲಿ, ಅಂದರೆ ಮೂರೂವರೆ ಅಡಿಯಲ್ಲಿ, ಶೂನ್ಯ. ಅಗಲಕ್ಕೆ ಇದೇ ಬಗೆಯ ಮೊದಲ ಆವೃತ್ತಿ 51, ಎತ್ತರಕ್ಕೆ 56. ಉದ್ದ, ಅಗಲ, ಎತ್ತರಗಳು ಕೂಡಿಕೊಂಡು ಹುಟ್ಟಿಸುವ ಇನ್ನಷ್ಟು ಆವೃತ್ತಿಗಳು 65, 69, 76, 86 ಎಂದು ನಡುನಡುವೆ ಬರುತ್ತವೆ. ಕೊಠಡಿಯ ಅಗಲದ ಮಧ್ಯರೇಖೆಯಲ್ಲಿ ಕುಳಿತವನಿಗೆ ಇವುಗಳಲ್ಲಿ 51, 65, 76, 86 ಯಾವುವೂ ದಕ್ಕುವುದಿಲ್ಲ.

ಹಿರಿಯರ ಕುರ್ಚಿ ಇದ್ದದ್ದು ಮಧ್ಯರೇಖೆಯಲ್ಲಿ, ಹಿಂದಿನ ಗೋಡೆಯಿಂದ ಸರಿಯಾಗಿ ಮೂರೂವರೆ ಅಡಿಯಲ್ಲಿ. ಅಣ್ಣನ ಅಂಗೈ ತೂಗಿ ಎತ್ತುತ್ತಿದ್ದ ನಾದ ಓಡಾಡುತ್ತಿದ್ದದ್ದು ಎಪ್ಪತ್ತರಿಂದ ತೊಂಬತ್ತು ಹರ್ಟ್ಜ್‌ಗಳ ಆಸುಪಾಸಿನಲ್ಲಿ. ಜಗತ್ತಿನಲ್ಲಿ ಕೂಡ್ರಲು ಇರುವ ಎಲ್ಲ ಜಾಗಗಳಲ್ಲಿ ಆ ಒಂದು ನಾದಕ್ಕೆ ಇದಕ್ಕಿಂತ ಕೆಟ್ಟ ಜಾಗವನ್ನು ಹುಡುಕಿ ಇಟ್ಟಿದ್ದರೂ ಸಿಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ, ಅಡುಗೆಮನೆಗೆ ಹೋಗಿಬರಲು ದಾರಿಯಾಗಲೆಂದು ಗೋಡೆಗೆ ಹತ್ತಿದ್ದ ಕುರ್ಚಿಯನ್ನು ಮುಂದಕ್ಕೆ ತಂದಿದ್ದರೆಂಬುದು ಆಗ ಎಲ್ಲರಿಗೂ ನೆನಪಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಈ ವಿಷಯದ ಪುಸ್ತಕಗಳು ಬಹುಮಟ್ಟಿಗೆ ಅಮೆರಿಕದ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು ಬರೆದವು. ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದ ಅಲ್ಲಿನ ಗೋಡೆಗಳು ಮಂದ್ರಕ್ಕೆ ತಾವೂ ಒಂದಿಷ್ಟು ಬಾಗಿ ಅದರ ಶಕ್ತಿಯನ್ನು ಹೀರುತ್ತವೆ. ಸೊಲ್ಲಾಪುರದ ಕರಿಗಲ್ಲಿನ ಗೋಡೆ, ಮೇಲೆ ಸ್ಲ್ಯಾಬು, ಕೆಳಗೆ ಶಹಾಬಾದಿನ ಫರಸಿ, ಇವು ಯಾವುದಕ್ಕೂ ಬಾಗುವುದಿಲ್ಲ. ಆದ್ದರಿಂದ ಇಲ್ಲಿ ಉಬ್ಬುಗಳು ಹೆಚ್ಚು ಎತ್ತರ, ತಗ್ಗುಗಳು ಹೆಚ್ಚು ಆಳ. ಗೋಡೆಗಳಿಗೆ ಚಾದರ ಇಳಿಬಿಡೋಣವೆಂದು ಹಿರಿಯರು ಸೂಚಿಸಿದರು. ಊರೂ ಕಸುಬೂ ಅದನ್ನೇ ಹೇಳಿಸುತ್ತವೆ. ಚಾದರ ಕಟ್ಟಿದ ಮೇಲೆ ಚಪ್ಪಾಳೆಯ ಮಾರ್ದನಿ ಅಡಗಿತು, ಮಾತಿನ ವ್ಯಂಜನಗಳು ತುಸು ಸ್ಪಷ್ಟವಾದವು, ಡಗ್ಗಾ ಕದಲಲಿಲ್ಲ. ಹೀರುವ ವಸ್ತು ಚೆನ್ನಾಗಿ ಕೆಲಸ ಮಾಡಬೇಕಾದರೆ ಅಲೆಯ ಕಾಲುಭಾಗದಷ್ಟು ದಪ್ಪವಿರಬೇಕು. 80 ಹರ್ಟ್ಜ್‌ಗೆ ಅದು ಮೂರೂವರೆ ಅಡಿ. ಅಷ್ಟು ದಪ್ಪದ ಚಾದರ ನೇಯುವ ಮಗ್ಗ ಸೊಲ್ಲಾಪುರಕ್ಕೂ ಇನ್ನೂ ಬಂದಿಲ್ಲ. ಮಾತಿಗಾಗಿ ಎರಡು ಚಾದರಗಳನ್ನು ಹಾಗೆಯೇ ಉಳಿಸಿಕೊಂಡರು.

ಪೆಟ್ಟಿಗೆಯ ಜಾಗ ಹುಡುಕಲು ಒಂದು ಹಳೆಯ ಉಪಾಯವಿದೆ. ಪೆಟ್ಟಿಗೆಯನ್ನು ಕೇಳುಗನ ಕುರ್ಚಿಯ ಮೇಲೆ ಕೂಡ್ರಿಸಿ, ಕೇಳುಗನು ಗೋಡೆಗುಂಟ ಅಂಬೆಗಾಲಿಡುತ್ತ ಹೋಗಬೇಕು. ಎಲ್ಲಿ ಮಂದ್ರ ಸಮನಾಗಿ ಕೇಳುತ್ತದೆಯೋ ಅಲ್ಲಿ ಪೆಟ್ಟಿಗೆಯನ್ನಿಟ್ಟು ತಾನು ಕುರ್ಚಿಗೆ ಮರಳಬೇಕು. ನೋಡುವವರಿಗೆ ಹುಚ್ಚಾಟ. ಆದರೆ ಇದರ ಬೆನ್ನಿಗೆ ಹೆಲ್ಮ್‌ಹೋಲ್ಟ್ಸ್ ಕಂಡುಕೊಂಡ, ಲಾರ್ಡ್ ರೇಲೀ 1877ರಲ್ಲಿ ಹೊರಬರತೊಡಗಿದ ತನ್ನ ‘ಥಿಯರಿ ಆಫ್ ಸೌಂಡ್’ ಗ್ರಂಥದಲ್ಲಿ ವಿಸ್ತರಿಸಿದ ಒಂದು ನಿಯಮವಿದೆ: ನುಡಿಯುವ ಬಿಂದುವನ್ನೂ ಕೇಳುವ ಬಿಂದುವನ್ನೂ ಅದಲುಬದಲು ಮಾಡಿದರೂ ಫಲ ಒಂದೇ. ಮೊಮ್ಮಗ ಚಡ್ಡಿ ತೊಟ್ಟು ನಾಲ್ಕೂ ಗೋಡೆಗಳನ್ನು ಅಂಬೆಗಾಲಲ್ಲಿ ಸುತ್ತಿದ. ಎಲ್ಲಿಯೂ ಡಗ್ಗಾ ತುಂಬಿಬರಲಿಲ್ಲ. ಅದೂ ರೇಲೀಯ ನಿಯಮದ ಫಲವೇ. ಶೂನ್ಯದಲ್ಲಿ ಕುಳಿತವನಿಗೆ ಪೆಟ್ಟಿಗೆಯನ್ನು ಎಲ್ಲಿಟ್ಟರೂ ಆ ನಾದ ಮುಟ್ಟುವುದಿಲ್ಲ; ಗುಂಡಿ ತಿರುಗಿಸಿದರೆ ಅಡುಗೆಮನೆಯ ಭಾಂಡೆಗಳಷ್ಟೇ ಇನ್ನಷ್ಟು ಕುಣಿದಾವು. ಸರಿಯಬೇಕಾದದ್ದು ಮೊದಲು ಕುರ್ಚಿ.

ಇದಕ್ಕೆ ಹಿರಿಯರು ಒಪ್ಪಲಿಲ್ಲ. ಆ ಕುರ್ಚಿಯಿಂದ ಬೀದಿಬಾಗಿಲೂ ದೇವರ ಜಗಲಿಯ ದೀಪವೂ ಒಟ್ಟಿಗೆ ಕಾಣುತ್ತಿದ್ದವು. ಕಿವಿ ಮಂದವಾದವನಿಗೆ ಬಾಗಿಲು ಕಾಣುವುದೆಂದರೆ ಬಂದವರು ಕೂಗುವ ಮೊದಲೇ ಅವರನ್ನು ಅರಿಯುವುದು. ಹತ್ತು ದಿನ ಮಾತು ನಿಂತಿತು. ಕೊನೆಗೆ ಮೊಮ್ಮಗ ವಾದವನ್ನು ಬಿಟ್ಟು, 80 ಹರ್ಟ್ಜ್‌ನ ಒಂದೇ ನಾದವನ್ನು ಸಣ್ಣಗೆ ಹಚ್ಚಿ, ಹಿಂದಿನ ಗೋಡೆಯಿಂದ ಮುಂದಿನ ಗೋಡೆಯವರೆಗೆ ನಿಧಾನವಾಗಿ ನಡೆಯಲು ಅವರಿಗೆ ಹೇಳಿದ. ಹಿರಿಯರು ಗೋಡೆ ಹಿಡಿದು ಹೊರಟರು. ಮೂರನೆಯ ಹೆಜ್ಜೆಗೆ ನಿಂತರು, ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು, ಮತ್ತೆ ಮುಂದಕ್ಕೆ ಬಂದರು. “ಇಲ್ಲಿ ಎಳಿ ಹರದೈತಿ” ಎಂದರು. ಮಗ್ಗದ ಮುಂದೆ ಮೂವತ್ತನಾಲ್ಕು ವರ್ಷ ಹರಿದ ನೂಲನ್ನು ಕಣ್ಣಿಗಿಂತ ಮೊದಲು ಬೆರಳಿನಿಂದ ಕಂಡವರು ಅವರು. ಕೊಠಡಿಯ ನಡುವೆ ನಾದ ಮತ್ತೆ ತುಂಬಿ, ಮುಂದೆ ಮತ್ತೊಮ್ಮೆ ಹರಿಯಿತು. ಎರಡು ಕಡೆಗೂ ತಾವೇ ಸೀಮೆಸುಣ್ಣದಿಂದ ಗೆರೆ ಎಳೆದರು. ಕಿವಿಯದಲ್ಲದ ತಪ್ಪು ಕಿವಿಯದಲ್ಲವೆಂದು ಯಾರೂ ಅವರಿಗೆ ಹೇಳಬೇಕಾಗಲಿಲ್ಲ. ಕುರ್ಚಿಯನ್ನು ಅವರೇ ಎತ್ತಿ ಒಂದೂವರೆ ಅಡಿ ಮುಂದಕ್ಕೆ, ಒಂದೂವರೆ ಅಡಿ ಎಡಕ್ಕೆ ಇಟ್ಟರು. ಬಾಗಿಲು ಕಂಡಿತು; ದೀಪಕ್ಕೆ ಮಾತ್ರ ತುಸು ಕತ್ತು ಹೊರಳಿಸಬೇಕಾಯಿತು.

ಎರಡನೆಯ ಸಲ ಅಂಬೆಗಾಲಿಟ್ಟಾಗ ಕೊಠಡಿ ತನ್ನ ಭೂಗೋಳವನ್ನು ಬಿಚ್ಚಿತು. ಮೂಲೆಯಲ್ಲಿ ನಾದ ಎಲ್ಲಕ್ಕಿಂತ ದೊಡ್ಡದು. ಮೂರು ಮೇಲ್ಮೈಗಳು ಕೂಡುವ ಆ ಜಾಗ ಕೊಠಡಿಯ ಎಲ್ಲ ಸ್ಥಾಯೀ ತರಂಗಗಳನ್ನೂ ಎಬ್ಬಿಸುತ್ತದೆ. ಅಂಗಡಿಯವರು ಮೂಲೆಯನ್ನೇ ಹೇಳುವುದು ಅದಕ್ಕಾಗಿ: ಕಡಿಮೆ ಖರ್ಚಿನಲ್ಲಿ ಹೆಚ್ಚು ಸದ್ದು. ಆದರೆ ಅಲ್ಲಿ ಡಗ್ಗಾದ ಪ್ರತಿ ಪೆಟ್ಟಿಗೂ 40 ಹರ್ಟ್ಜ್‌ನ ಬಾಲ ಬೆಳೆದು ಮುಂದಿನ ಪೆಟ್ಟನ್ನು ನುಂಗುತ್ತಿತ್ತು. ಜಯಂತಿಯ ಮೆರವಣಿಗೆಗಳ ಡಿಜೆಯನ್ನು ಮಂದ್ರವೆಂದು ತಿಳಿದವರಿಗೆ ಇದು ಹಿಡಿಸೀತು, ಠೇಕಾ ಬಲ್ಲವರಿಗಲ್ಲ. ಎಡಗೋಡೆಯ ನಟ್ಟನಡುವೆ ಚಿತ್ರ ಬದಲಾಯಿತು. ಉದ್ದದ ಮಧ್ಯಬಿಂದುವಾದ್ದರಿಂದ ಆ ಜಾಗ 40ನ್ನು ಎಬ್ಬಿಸುವುದೇ ಇಲ್ಲ, 80ಕ್ಕೆ ಮಾತ್ರ ತುಂಬು ಆಸರೆ ಕೊಡುತ್ತದೆ. ಗೋಡೆಗಳ ಮಧ್ಯಬಿಂದುಗಳ ಈ ಗುಣವನ್ನು ಟಾಡ್ ವೆಲ್ಟಿ ಎಂಬ ಅಮೆರಿಕದ ಸಂಶೋಧಕ 2002ರಲ್ಲಿ ಒಂದಕ್ಕಿಂತ ಹೆಚ್ಚು ಪೆಟ್ಟಿಗೆಗಳ ಅಧ್ಯಯನದಲ್ಲಿ ತೋರಿಸಿಕೊಟ್ಟಿದ್ದ. ಎದುರುಬದುರು ಗೋಡೆಗಳ ನಡುವೆ ಒಂದೊಂದರಂತೆ ಎರಡಿದ್ದರೆ ಇನ್ನೂ ಸಮ. ಇಲ್ಲಿ ಇದ್ದದ್ದು ಒಂದೇ.

ಆ ಮಧ್ಯಬಿಂದುವಿನಲ್ಲಿ ಜೋಳದ ಚೀಲಗಳಿದ್ದವು. ಮಂಗಳವೇಡೆಯಿಂದ ವರ್ಷಕ್ಕೊಮ್ಮೆ ಬರುವ ಜೋಳ. ಅದರ ಜಾಗ ಸೊಸೆಯ ಆಡಳಿತಕ್ಕೆ ಸೇರಿದ್ದು. ಭಾಂಡೆಗಳು ಕುಣಿಯಬಾರದು, ರಾತ್ರಿ ಒಂಬತ್ತರ ನಂತರ ಪೆಟ್ಟಿಗೆ ನುಡಿಯಬಾರದು ಎಂಬ ಎರಡು ಷರತ್ತುಗಳ ಮೇಲೆ ಚೀಲಗಳು ಮೂಲೆಗೆ ಸರಿದವು. ಎರಡನೆಯ ಷರತ್ತು ನ್ಯಾಯವಾದದ್ದೇ. ಮಂದ್ರವನ್ನು ಯಾವ ಗೋಡೆಯೂ ಪೂರ್ತಿ ತಡೆಯಲಾರದು, ಪಕ್ಕದ ಮನೆಯಲ್ಲಿ ಹಸುಗೂಸಿತ್ತು.

ಉಳಿದ ಹೊಂದಿಕೆಗಳು ಒಂದು ಸಂಜೆಯಲ್ಲಿ ಮುಗಿದವು. ಪೆಟ್ಟಿಗೆಯ ಮೇಲ್ಮಿತಿಯನ್ನು 150ಕ್ಕೆ ಇಟ್ಟಾಗ ತಬಲಾದವನ ಬಲಗೈ ಮುಂದಿನ ಗೋಡೆಯಲ್ಲಿ, ಎಡಗೈ ಪಕ್ಕದ ಗೋಡೆಯಲ್ಲಿ ಇದ್ದಂತೆ ಕೇಳುತ್ತಿತ್ತು. 80ಕ್ಕೆ ಇಳಿಸಿದಾಗ ಎರಡೂ ಕೈಗಳು ಒಬ್ಬನವೇ ಆದವು. ಅದಕ್ಕಿಂತ ಕೆಳಗಿನ ನಾದ ಎತ್ತಣಿಂದ ಬಂದಿತೆಂಬುದನ್ನು ಕಿವಿ ಗುರುತಿಸಲು ಸೋಲುತ್ತದೆ. ಹಿಂದುಗಡೆಯ 0, 180 ಎಂಬ ಗುಂಡಿಯನ್ನು ಎರಡೂ ಕಡೆ ಒತ್ತಿ ನೋಡಿ, ಕುರ್ಚಿಯಲ್ಲಿ ಯಾವುದಕ್ಕೆ ಡಗ್ಗಾ ತುಂಬಿಬರುವುದೋ ಅದನ್ನು ಹಿರಿಯರೇ ಆರಿಸಿದರು. ಮನೆಯಲ್ಲಿ ಬಹುಕಾಲದ ನಂತರ ಒಂದು ವಿಷಯದಲ್ಲಿ ಅವರ ಕಿವಿಯೇ ಪ್ರಮಾಣವಾಯಿತು. ಕೆಳಗಿನ ಆವೃತ್ತಿಗಳಲ್ಲಿ ಅದು ಮೊಮ್ಮಗನ ಕಿವಿಗಿಂತ ಎಳ್ಳಷ್ಟೂ ಕಡಿಮೆಯಿರಲಿಲ್ಲ, ಏನನ್ನು ಕೇಳಬೇಕೆಂಬುದು ಅವನಿಗಿಂತ ಚೆನ್ನಾಗಿ ಗೊತ್ತಿತ್ತು.

ಭಜನೆಯ ಠೇಕಾಕ್ಕೆ ಎಂಟು ಮಾತ್ರೆ. ಅದರಲ್ಲಿ ಒಂದು ಭಾಗ ಖಾಲಿ. ಅಲ್ಲಿ ಬಲಗೈ ನುಡಿಯುತ್ತದೆ, ಎಡಗೈ ಸುಮ್ಮನಿರುತ್ತದೆ. ಡಗ್ಗಾದ ಆ ಮೌನದಿಂದಲೇ ಸಮ ಹತ್ತಿರವಾಯಿತೆಂದು ಹಾಡುವವರು ತಿಳಿಯುತ್ತಾರೆ. ಎರಡು ವರ್ಷ ಹಿರಿಯರು ಕೇಳಿದ್ದು ಇಡಿಯ ಆವರ್ತನವೇ ಖಾಲಿಯಾದ ಠೇಕಾ. ಆ ಸಂಜೆ ಮೊದಲ ತತ್ವಪದ ಆರಂಭವಾದಾಗ ಅವರು ತೊಡೆಯ ಮೇಲೆ ತಾಳ ಹಾಕುತ್ತ ಕುಳಿತರು. ನಾದ ಕೆಳಗಿನಿಂದ ತೂಗಿ ಮೇಲೇರಿತು, ನಡುವೆ ಎಲ್ಲಿಯೂ ಹರಿಯಲಿಲ್ಲ. ಸೊಸೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮಾಂಡಣಿಯ ಕಡೆ ನೋಡಿದಳು, ಭಾಂಡೆಗಳು ಸುಮ್ಮನಿದ್ದವು. ಎರಡನೆಯ ಪದವಾದ ಅಭಂಗದ ಕೊನೆಯಲ್ಲಿ, ಲಯ ಏರಿದಾಗ, ಹಿರಿಯರ ಕೈ ತೊಡೆಯ ಮೇಲೆ ಹಾಗೆಯೇ ನಿಂತಿತು. ಮತ್ತೊಮ್ಮೆ ಹಚ್ಚಲು ಹೇಳಿದರು. ಮೂರನೆಯ ಸಲವೂ ಕೇಳಿದರು.

“ಅಣ್ಣ ತಪ್ಪ್ಯಾನ,” ಎಂದರು. “ಖಾಲಿಯೊಳಗ ಡಗ್ಗಾ ಬಿದ್ದೈತಿ.”